ಇಸ್ತ್ರಿ ಅಕ್ಕನೂ ಅಪ್ಪನ ಕಿವಿಯೂ

ಕಿವಿಯಂತ್ರಕ್ಕೆ, ಕಿವಿಯೊಳಗೆ ಕೂರುವ ಅಚ್ಚು ಮಾಡುವ ಆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಇಸ್ತ್ರಿ ಅಕ್ಕ ಎಂದೇ. ಬಟ್ಟೆಗೆ ಇಸ್ತ್ರಿ ಹಾಕುವವಳಲ್ಲ ಬಿಡಿ. ಅವಳ ಅಂಗಿಯ ಸುಕ್ಕು ನೋಡಿದರೇ ಗೊತ್ತಾಗುತ್ತದೆ. ಅವಳು ಇಸ್ತ್ರಿ ಹಾಕುವುದು ಕಿವಿಗಳಿಗೆ. ಗಿರಾಕಿಯ ಕಿವಿ ಸ್ಕ್ಯಾನ್ ಆಗಿ, ಕಂಪ್ಯೂಟರಿನಲ್ಲಿ ಚೌಕಗಳ ಒರಟು ಬಲೆಯಾಗಿ ಬಂದು ಕೂರುತ್ತದೆ. ಇವಳು ಒಂದೊಂದು ಚೌಕವನ್ನೂ ನಾಲ್ಕಾಗಿ ಒಡೆದು, ಮೂಲೆಗಳನ್ನು ಅಕ್ಕಪಕ್ಕದವುಗಳ ಕಡೆಗೆ ಚೂರು ಎಳೆಯುತ್ತಾಳೆ. ಮತ್ತೆ ಒಡೆಯುತ್ತಾಳೆ, ಮತ್ತೆ ಎಳೆಯುತ್ತಾಳೆ. ಒರಟು ಬಲೆ ಬೆಣ್ಣೆಯಂತಾಗುವವರೆಗೆ ಅವಳಿಗೆ ಊಟವೂ ಬೇಡ.

ಮನೆಯಲ್ಲೂ ಅದೇ ಕಸುಬು. ಅಪ್ಪನಿಗೆ ಕಿವಿ ಮಂದ, ಅಮ್ಮನಿಗೆ ನಾಲಿಗೆ ಚುರುಕು. ಒದ್ದೆ ಟವೆಲ್ಲನ್ನು ಹಾಸಿಗೆ ಮೇಲೆ ಎಸೆಯಬೇಡ ಅಂತ ಈ ಮನುಷ್ಯನಿಗೆ ಎಷ್ಟು ಜನ್ಮ ಹೇಳಬೇಕೋ ಎಂದು ಅಮ್ಮ ಗೊಣಗಿದರೆ, ಮಗಳು ಅಪ್ಪನ ಕಿವಿಗೆ ಬಾಯಿಟ್ಟು, ಅಮ್ಮ ಟವೆಲ್ ಕೇಳುತ್ತಿದ್ದಾಳೆ ಎನ್ನುತ್ತಿದ್ದಳು. ಹೀಗೆ ವರ್ಷಗಟ್ಟಲೆ ಮನೆಯಲ್ಲಿ ಜಗಳವೇ ಇರಲಿಲ್ಲ. ಅದು ತನ್ನದೇ ಪುಣ್ಯ ಎಂದು ಅವಳ ಹೆಮ್ಮೆ.

ಅಪ್ಪನ ಅಚ್ಚನ್ನೂ ಅವಳೇ ಮಾಡಿದಳು. ಅವರ ಕಿವಿಯೊಳಗೊಂದು ಗುಳಿ. ಅಚ್ಚಿನಲ್ಲಿ ಅದು ಉಬ್ಬಾಗಿ ಬರಬೇಕು. ಸ್ಕ್ಯಾನಿನ ತಪ್ಪೆಂದುಕೊಂಡು ಇವಳು ಅದನ್ನೂ ನುಣ್ಣಗೆ ತಿಕ್ಕಿಬಿಟ್ಟಳು. ಅಚ್ಚು ಸಡಿಲವಾಗಿ, ಯಂತ್ರ ಕುಯ್ಯೆಂದು ಸಿಳ್ಳೆ ಹೊಡೆಯಿತೇ ಹೊರತು ಮಾತು ಕೇಳಿಸಲಿಲ್ಲ. ಕಂಪ್ಯೂಟರಿನಲ್ಲಿ ಆ ಉಬ್ಬಿನ ಅಂಚಿಗೆ ಗುರುತು ಹಾಕಿ, ಅದೊಂದನ್ನು ತಿಕ್ಕದೆ ಬಿಟ್ಟರಾಯಿತು. ಕೂತಲ್ಲೇ ಮುಗಿಯುವ ಕೆಲಸ. ಆದರೆ ಅವಳ ಕೈ ಏಳಲಿಲ್ಲ. ಅಮ್ಮನ ಮಾತು ಇದ್ದದ್ದು ಇದ್ದ ಹಾಗೆ ಕೇಳಿಸಿಬಿಟ್ಟರೆ ಅಪ್ಪ ನೊಂದುಕೊಳ್ಳುವುದಿಲ್ಲವೇ? ಇವತ್ತು ಕೆಲಸ ಜಾಸ್ತಿ, ನಾಳೆ ನೋಡೋಣ ಎಂದು ತಳ್ಳುತ್ತಲೇ ಬಂದಳು.

ಕೊನೆಗೆ ಅಪ್ಪ ಯಂತ್ರವನ್ನು ಡಬ್ಬಿಗೆ ಹಾಕಿ, "ಇರ್ಲಿ ಬಿಡಮ್ಮ, ನನ್ನ ಕಿವಿ ಹಣೆಬರಹ ಇಷ್ಟೇ," ಎಂದರು. ಮರುದಿನವೇ ಅವಳು ಉಬ್ಬು ಉಳಿಸಿ ಹೊಸ ಅಚ್ಚು ತಂದಳು.

ಅದು ಗಟ್ಟಿಯಾಗಿ ಕೂತಿತು. ಅಷ್ಟರಲ್ಲೇ ಅಡುಗೆಮನೆಯಿಂದ ಅಮ್ಮ ಶುರುಮಾಡಿದಳು: ನಲ್ಲಿ ನಿಲ್ಲಿಸೋದಿಲ್ಲ, ದೀಪ ಆರಿಸೋದಿಲ್ಲ, ಇವರನ್ನು ಕಟ್ಟಿಕೊಂಡು ತಾನು ಪಟ್ಟ ಪಾಡು ಯಾರಿಗೂ ಬೇಡ. ಅಪ್ಪ ಅಲ್ಲಾಡದೆ ಕೂತು ಪೂರ್ತಿ ಕೇಳಿಸಿಕೊಂಡರು. ಅವರ ಕಣ್ಣು ತುಂಬಿತು. ಮಗಳು ಅಚ್ಚು ತೆಗೆಯಲೆಂದು ಕೈ ಚಾಚಿದಳು.

"ಬೈತಾ ಇದ್ದಾಳೆ ಕಣೇ," ಎಂದರು ಅಪ್ಪ ಮೆಲ್ಲಗೆ. "ಇಷ್ಟು ವರ್ಷ ಯಾರೋ ಹೊರಗಿನವರ ಹಾಗೆ ಅದು ಬೇಕಾ, ಇದು ಎಲ್ಲಿ ಅಂತ ಮಾತ್ರ ಕೇಳ್ತಿದ್ಲಲ್ಲ, ನನ್ನ ಮೇಲಿನ ಮನಸ್ಸೇ ಹೋಯ್ತು ಅಂದ್ಕೊಂಡಿದ್ದೆ."

ಅಪ್ಪ ಆಗಲೇ ಎದ್ದು, ಇನ್ನಷ್ಟು ಬೈಸಿಕೊಳ್ಳಲು ಅಡುಗೆಮನೆಯ ಕಡೆ ಹೊರಟಿದ್ದರು.