ಮೂಸುವ ಹೊತ್ತು

ಕುರಿ ಸತ್ತ ಮರಿ ಹಾಕಿದರೆ ತಾಯಿ ಮೂಸುವ ಮೊದಲೇ ಅದನ್ನು ಎತ್ತಿಬಿಡಬೇಕು. ನಮ್ಮ ಹಟ್ಟಿಯಲ್ಲಿ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿದ್ದ ವಿಷಯ ಇದು. ಮೂಸದ ಕುರಿ ಒಂದಿಷ್ಟು ಹೊತ್ತು ಅತ್ತಿತ್ತ ನೋಡಿ, ಸಂಜೆಗೆಲ್ಲ ಮಂದೆಯ ಜೊತೆ ಮೇಯುತ್ತದೆ. ಮೂಸಿ ನೆಕ್ಕಿದ ಕುರಿ ಮಾತ್ರ ಮೇವು ಬಿಟ್ಟು ದಿನಗಟ್ಟಲೆ ಅರಚುತ್ತದೆ. ಈ ಕೆಲಸದಲ್ಲಿ ನಮ್ಮವ್ವ ಎತ್ತಿದ ಕೈ. ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳು ಎದ್ದು ಹೋಗುವುದು ಕುರಿಗೇ ತಿಳಿಯುತ್ತಿರಲಿಲ್ಲ.

ನಾನು ಓದಿ ಪಶು ಆಸ್ಪತ್ರೆಯ ಕೆಲಸಕ್ಕೆ ಸೇರಿದ ಮೇಲೆ ಇದರ ಕಾರಣ ತಿಳಿಯಿತು. ಈಯುವ ನೋವಿನಲ್ಲಿ ಕುರಿಯ ಮಿದುಳಿನೊಳಗೆ ಆಕ್ಸಿಟೋಸಿನ್ ಎಂಬ ರಾಸಾಯನಿಕ ಹರಿಯುತ್ತದೆ. ಹಾಲು ಇಳಿಸಲು ಹಸುವಿಗೆ ಕದ್ದು ಚುಚ್ಚುತ್ತಾರಲ್ಲ, ಅದೇ. ಅದೂ ಅದರ ಜೊತೆಯ ಇನ್ನೊಂದೆರಡು ರಾಸಾಯನಿಕಗಳೂ ಸೇರಿ ವಾಸನೆ ಹಿಡಿಯುವ ನರಗಳನ್ನು ಹದ ಮಾಡುತ್ತವೆ. ಆ ಹದ ಇರುವುದು ಕೆಲವೇ ಗಂಟೆ. ಅಷ್ಟರಲ್ಲಿ ಮೂಗಿಗೆ ಸಿಕ್ಕ ಮರಿಯೇ ತನ್ನ ಮರಿ. ಬೇರೆಯದು ಕೆಚ್ಚಲಿಗೆ ಬಂದರೆ ಗುಮ್ಮಿ ಓಡಿಸುತ್ತದೆ. ಏನೂ ಸಿಗದಿದ್ದರೆ ಮರಿ ಬೇಕೆಂಬ ಆ ಹಸಿವು ತಾನಾಗಿಯೇ ಇಳಿದುಹೋಗುತ್ತದೆ. ಇದನ್ನೆಲ್ಲ ಹೇಳಿದಾಗ ಅವ್ವ, ಓದಿದವರು ಕುರಿಯ ತಲೆಯೊಳಗೂ ಇಣುಕಿ ನೋಡಿ ಬಂದಿರಾ ಎಂದು ಕಿಚಾಯಿಸಿದ್ದಳು.

ಆಮೇಲೆ ನನ್ನ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಹೆರಿಗೆಯಾಯಿತು, ಹೆಣ್ಣು ಎಂದರು. ನಾನು ತಲೆ ಎತ್ತಿ ನೋಡುವಷ್ಟರಲ್ಲಿ ಅವ್ವ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಬಾಗಿಲು ದಾಟಿದ್ದಳು. ತೋರಿಸೋಣವೇ ಎಂದು ನರ್ಸ್ ಕೇಳಿದರಂತೆ. ಬೇಡ, ಹಚ್ಚಿಕೊಳ್ಳುತ್ತಾಳೆ ಎಂದಳಂತೆ ಅವ್ವ. ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿಸಿ, ಸಂಜೆಗೆ ಬಂದು ನನಗೆ ಗಂಜಿ ಕುಡಿಸಿದಳು.

ಒಂದೆರಡು ದಿನಕ್ಕೆ ಎದೆಯಲ್ಲಿ ಹಾಲು ಬಂತು. ಎದೆಗೆ ಮಲ್ಲಿಗೆ ಕಟ್ಟಿದರೆ ಬತ್ತುತ್ತದೆಂದು ಯಾರೋ ಹೇಳಿದರು, ಕಟ್ಟಿದರು. ಇವತ್ತಿಗೂ ನಾನು ಮಲ್ಲಿಗೆ ಮುಡಿಯಲಾರೆ. ನಿನಗಿನ್ನೂ ವಯಸ್ಸಿದೆ ಎಂದು ಸಮಾಧಾನ ಹೇಳಲು ಬಂದವರಿಗೆಲ್ಲ ಕಾಫಿ ಕೊಟ್ಟು ಕಳಿಸುವ ತಾಳ್ಮೆ ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಕುರಿಯಲ್ಲಿ ಇಳಿಯುವ ಹಸಿವು ನನ್ನಲ್ಲಿ ಇಳಿಯಲಿಲ್ಲ. ಯಾರ ಮನೆಯ ಕೂಸನ್ನು ಎತ್ತಿಕೊಂಡರೂ ಮೊದಲು ನೆತ್ತಿ ಮೂಸುತ್ತಿದ್ದೆ. ಇದಲ್ಲ ಅನ್ನಿಸುತ್ತಿತ್ತು. ಯಾವುದು ಎಂದು ಗೊತ್ತಿರಲಿಲ್ಲ. ಅವ್ವನ ಮೇಲೆ ಸಿಟ್ಟಿತ್ತು. ಅವಳ ಮುಂದೆ ಮಗುವಿನ ಮಾತನ್ನೇ ಎತ್ತುತ್ತಿರಲಿಲ್ಲ.

ಈ ವರ್ಷ ನಮ್ಮ ಮಂದೆಯನ್ನು ಹೊನ್ನವಳ್ಳಿ ಹತ್ತಿರದ ತೆಂಗಿನ ತೋಟವೊಂದರಲ್ಲಿ ಗೊಬ್ಬರಕ್ಕೆಂದು ನಿಲ್ಲಿಸಿದ್ದರು. ಒಂದು ಬೆಳಿಗ್ಗೆ, ಕುರಿಯೊಂದು ಈಯಲಾರದೆ ಒದ್ದಾಡುತ್ತಿದೆ ಎಂದು ತಮ್ಮ ಫೋನು ಮಾಡಿದ. ಹೋದಾಗ ಅವ್ವನೂ ಅಲ್ಲಿದ್ದಳು. ಮರಿಯನ್ನು ನಾನೇ ಎಳೆದು ತೆಗೆದೆ, ಸತ್ತಿತ್ತು. ವಾಡಿಕೆಯಂತೆ ತಮ್ಮ ಅದರ ಹಿಂಗಾಲು ಹಿಡಿದು ಎತ್ತಿದ.

“ಬುಡ್ಲಾ, ಅದ್ರ ಮುಂದಿಕ್ಕು. ಒಂದ್ಸಲ ಮೂಸ್ಲಿ,” ಎಂದಳು ಅವ್ವ.

ಅವಳಿಗೆ ಅರಳುಮರಳು ಎಂದು ತಮ್ಮ ಅಂದುಕೊಂಡನೋ ಏನೋ, ಮರಿಯನ್ನು ತೆಂಗಿನ ಸೋಗೆಯ ಮೇಲಿಟ್ಟು ಬೇರೆ ಕುರಿಗಳ ಕಡೆ ಹೋದ. ಕುರಿ ಬಗ್ಗಿ ಮೂಸಿತು. ಗಂಟಲಿನಲ್ಲೇ ಸಣ್ಣಗೆ ಕರೆಯುತ್ತಾ ಮೈಯೆಲ್ಲ ನೆಕ್ಕಿತು. ಏಳಲೆಂದು ಮೂತಿಯಿಂದ ನೂಕಿತು. ಕೊನೆಗೆ ತಲೆಯೆತ್ತಿ ಅರಚತೊಡಗಿತು. ನನಗೆ ನೋಡಲಾಗಲಿಲ್ಲ. ಇನ್ನಿದು ಮೇವು ಮುಟ್ಟುವುದಿಲ್ಲ, ಯಾಕೆ ಹೀಗೆ ಮಾಡಿದೆ ಎಂದು ಅವ್ವನ ಮೇಲೆ ರೇಗಿದೆ.

ಅವಳು ಮರಕ್ಕೊರಗಿ ಕೂತಿದ್ದಳು. ನನ್ನ ಕಡೆ ನೋಡಲಿಲ್ಲ.

“ಅವತ್ತು ದಾರೀಲಿ ಟವಲ್ ಬಿಚ್ಚಿ ನಾನು ಮೂಸ್ದೆ ಕಣೇ,” ಎಂದಳು. “ನೀನು ಮೂಸ್ಬೇಕಾಗಿತ್ತು. ನಿನ್ನ ಪಾಲ್ನ ನಾನ್ ತಗಂಡ್ಬುಟ್ಟೆ.”

ಇಷ್ಟು ವರ್ಷ ಆ ವಾಸನೆ ಇವಳ ಹತ್ತಿರ ಇತ್ತು. ಸಿಟ್ಟು ಮಾಡಬೇಕೆಂದರೂ ಆಗಲಿಲ್ಲ, ಅಳು ಬಂತು. ಹೇಗಿತ್ತವ್ವ ಎಂದು ಕೇಳಿದೆ. ವಾಸನೆಯನ್ನು ಮಾತಿನಲ್ಲಿ ಹೇಗೆ ಹೇಳುವುದೆಂದು ತಿಳಿಯದೆ ಅವಳು ತಡಕಾಡಿದಳು. ಕುರಿ ಅರಚುತ್ತಲೇ ಇತ್ತು.

“ನೀನು ಹುಟ್ಟಿದ್ ದಿನ ನಿನ್ನ ನೆತ್ತಿ ಹೆಂಗಿತ್ತೋ,” ಎಂದಳು, “ಅಂಗೇ ಇತ್ತು ಕಣವ್ವ.”