ರಾತ್ರಿ ಪಾಳಿಗೆ ಜಾಣ ಉತ್ತರ

ಪರೀಕ್ಷೆಗಳಲ್ಲಿ ನಾನು ಯಾವತ್ತೂ ಹಿಂದಿನ ಬೆಂಚಿನವಳು. ಅಂಥವಳು ಮೊನ್ನೆ ಕೊಳ್ಳೇಗಾಲದ ಹೊಸ ಆಸ್ಪತ್ರೆಯ ಸಂದರ್ಶನದಲ್ಲಿ ಒಂದು ಪ್ರಶ್ನೆಗೆ ಎಷ್ಟು ಚೆನ್ನಾಗಿ ಉತ್ತರ ಕೊಟ್ಟೆನೆಂದರೆ, ಅದೇ ನನಗೆ ಮುಳುವಾಯಿತು.

ನಾನು ನರ್ಸು. ಮದುವೆಯಾದಂದಿನಿಂದ ಹಳೆಯ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯೇ. ಗಂಡನಿಗೆ ಯಳಂದೂರಿನ ರೈಸ್ ಮಿಲ್ಲಿನಲ್ಲಿ ಹಗಲು ಕೆಲಸ. ಹಳೆಯ ಕಾವ್ಯಗಳ ಜಕ್ಕವಕ್ಕಿಗಳು ಇರುಳೆಲ್ಲ ಅಗಲಿದ್ದು ಬೆಳಗಾದೊಡನೆ ಕೂಡುತ್ತವಂತೆ. ಪುಣ್ಯವಂತ ಹಕ್ಕಿಗಳು, ಅವಕ್ಕೆ ಬಸ್ಸು ಹಿಡಿಯುವ ಅವಸರವಿರಲಿಲ್ಲ. ನಾವು ಬೆಳಗ್ಗೆ ಮಧುವನಹಳ್ಳಿಯ ಬಸ್ ಸ್ಟಾಪಿನಲ್ಲಿ ಎದುರಾಗುತ್ತೇವೆ. ನಾನು ಇಳಿಯುವವಳು, ಅವರು ಹತ್ತುವವರು. "ಸಾರು ಒಲೆ ಮ್ಯಾಲದೆ ಕಣಮ್ಮಿ, ಉಂಡು ಮನಿಕೊ" ಎಂದು ಬೀಗದ ಕೈ ಕೊಟ್ಟು ಹೋಗುತ್ತಾರೆ. ಅವರ ಜೇಬಿನ ಬಿಸಿ ಅದರಲ್ಲಿ ಇನ್ನೂ ಇರುತ್ತದೆ. ಸಂಜೆ ಅವರು ಬರುವಷ್ಟರಲ್ಲಿ ನಾನು ಹೊರಟಿರುತ್ತೇನೆ. ಒಂದೇ ಮನೆಯಲ್ಲಿದ್ದೂ ಗಂಡನಿಗಾಗಿ ಹೀಗೆ ಹಂಬಲಿಸುತ್ತೇನೆಂದು ಯಾರಿಗೆ ಹೇಳಲಿ? ಇಬ್ಬರೂ ಎದುರುಬದುರು ಕೂತು ಬಿಸಿ ಮುದ್ದೆ ಮುರಿಯಬೇಕು, ನನ್ನ ಆಸೆ ಇಷ್ಟೇ. ಹಗಲು ಪಾಳಿ ಸಿಕ್ಕೀತೆಂದೇ ಹೊಸ ಆಸ್ಪತ್ರೆಗೆ ಹೋಗಿದ್ದು.

"ಅಕಸ್ಮಾತ್ ನೈಟ್ ಡ್ಯೂಟಿ ಬಿದ್ರೆ ಹೇಗೆ ನಿಭಾಯಿಸ್ತೀರಮ್ಮ?" ಎಂದು ಡಾಕ್ಟರು ಕೇಳಿದರು.

ಗೊತ್ತಿರುವುದನ್ನೇ ಕೇಳಿದರೆ ಯಾರ ಬಾಯಿ ಸುಮ್ಮನಿರುತ್ತದೆ! ಹೊಟ್ಟೆಗೆ ಭಾರವಾಗದ ಊಟ, ಆಗಾಗ ನೀರು, ತೂಕಡಿಕೆ ಬಂದರೆ ವಾರ್ಡಿನಲ್ಲೊಂದು ಸುತ್ತು, ಹಗಲು ಮಲಗುವಾಗ ಕಿಟಕಿಗೆ ದಪ್ಪ ಬಟ್ಟೆ ಎಂದು ಪಟಪಟನೆ ಒಪ್ಪಿಸಿದೆ. ಹಳ್ಳಿಯಲ್ಲಿ ರಾತ್ರಿ ಎಚ್ಚರವಿರುವುದಕ್ಕಿಂತ ಹಗಲು ಮಲಗುವುದೇ ಕಷ್ಟ ಎಂಬುದನ್ನು ಮಾತ್ರ ಹೇಳಲಿಲ್ಲ. ಕಣ್ಣು ಹತ್ತುವಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟುತ್ತಾರೆ: "ಯಾಕವ್ವಾ ಮನಿಕಂಡಿದ್ದೀಯೆ, ಉಸಾರಿಲ್ವಾ?" ಹುಷಾರಾಗಿದ್ದೇನೆಂದು ಎದ್ದು ಬಂದು ಹೇಳಬೇಕು. ಆಮೇಲೆ ಅವರ ಮಂಡಿನೋವಿನ ವಿಚಾರ ಶುರುವಾಗುತ್ತದೆ.

ಡಾಕ್ಟರಿಗೆ ಬಹಳ ಸಂತೋಷವಾಯಿತು. "ನಿಮ್ಮಂಥವರೇ ರಾತ್ರಿಗೆ ಬೇಕಾಗಿತ್ತು" ಎಂದರು. ಕೆಲಸ ಸಿಕ್ಕಿತು, ಪಾಳಿ ಮಾತ್ರ ಅದೇ.

ಮಾರನೆಯ ಬೆಳಗ್ಗೆ ಬಸ್ ಸ್ಟಾಪಿನಲ್ಲಿ ಅವರಿಗೆ ಇದನ್ನು ಹೇಳುವಾಗ ನಗಲು ನೋಡಿದೆ, ಅಳು ಬಂತು. ಅವರು ಬಂದ ಬಸ್ಸನ್ನು ಹಾಗೇ ಬಿಟ್ಟುಬಿಟ್ಟರು. "ಸುಗ್ಗಿ ಸುರುವಾಗ್ಯದೆ, ಮಿಲ್ನಲ್ಲಿ ರಾತ್ರಿಗೂ ಆಳು ಬೇಕಂತೆ. ನಾನೇ ಕೇಳ್ತೀನಿ ಬುಡು" ಎಂದರು. ಬೀಗದ ಕೈಯನ್ನು ಕೊಡುತ್ತ, "ಆದ್ರೆ ಓನರ್ರು ಕೇಳೇ ಕೇಳ್ತಾರೆ, ರಾತ್ರಿಯೆಲ್ಲ ಎಂಗ್ಲಾ ತಡ್ಕತೀಯೆ ಅಂತ. ಏನೇಳ್ಲಿ?"

ಊಟ, ನೀರು, ವಾರ್ಡಿನ ಸುತ್ತು ಎಲ್ಲವೂ ನಾಲಗೆಯ ತುದಿಯಲ್ಲೇ ಇದ್ದವು.

"ಅಗಲೊತ್ತು ನಮ್ಮೆಂಡ್ರು ಮನೇಲಿರ್ತಾಳೆ ಸಾ, ಅನ್ನಿ" ಎಂದೆ.