ಮೂರು ಸಲ ಬಿಡಿಸಿದ ನಕಾಶೆ

ಮೊನ್ನೆ ನಂಜನಗೂಡಿನ ಪೇಟೆಯಲ್ಲಿ ಯಾರೋ ಚೀಲದಿಂದ ರಂಗೋಲಿ ಪುಡಿ ಸುರಿಯುತ್ತಿದ್ದರು. ಒಂದಿಷ್ಟು ಹಾರಿಬಂದು ನನ್ನ ಕನ್ನಡಕದ ಮೇಲೆ ಕೂತಿತು. ಆ ಪುಡಿ ಕಂಡರೆ ನಿಮಗೆ ಹಬ್ಬ ನೆನಪಾಗಬಹುದು. ನನಗೆ ಕನ್ಸಲ್ಟೆಂಟರು ನೆನಪಾಗುತ್ತಾರೆ.

ತೊಂಬತ್ತರ ದಶಕದ ಮಾತು. ಆಗ ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಹೊರದೇಶದ ನೆರವಿನಿಂದ ಹಳ್ಳಿಗಳಿಗೆ ಕುಡಿಯುವ ನೀರು ಕೊಡುವ ಯೋಜನೆಯೊಂದು ಬಂತು. ನೀರಿಗಿಂತ ಮೊದಲು ಕನ್ಸಲ್ಟೆಂಟರು ಬಂದರು. ಒಬ್ಬ ಬಿಳಿಯ, ಒಬ್ಬ ದೆಹಲಿಯವನು. ಇಬ್ಬರಿಗೂ ಕನ್ನಡ ಬಾರದು. ಹಾಗಾಗಿ ರಜೆಯ ದಿನಗಳಲ್ಲಿ ನಾನು ಅವರ ದುಭಾಷಿ. ಇವರ ಫೀಜು, ವಿಮಾನ, ಮೈಸೂರಿನ ಹೋಟೆಲು ಎಲ್ಲ ಆ ನೀರಿನ ದುಡ್ಡಿನಲ್ಲೇ ಎಂದು ಡ್ರೈವರ್ ನನ್ನ ಕಿವಿಯಲ್ಲಿ ಹೇಳಿದ. ನಾನು ಗಾಜು ಏರಿಸಿಕೊಂಡು ಎಸಿ ಕಾರಿನಲ್ಲಿ ತಣ್ಣಗೆ ಕೂತಿದ್ದೆ, ಸುಳ್ಳೇಕೆ ಹೇಳಲಿ.

ಹೆಡತಲೆ ಕಡೆಯ ಒಂದು ಹಳ್ಳಿಗೆ ಹೋದೆವು. ಜನರೇ ತಮ್ಮೂರಿನ ನಕಾಶೆಯನ್ನು ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಬಿಡಿಸಬೇಕು ಎಂಬುದು ಅವರು ಕಲಿತುಬಂದ ವಿದ್ಯೆ. ಕೂಲಿಗೆ ಹೊರಟಿದ್ದ, ಕೊನೆಯ ಕೇರಿಯ ಸಿದ್ದಮ್ಮನನ್ನು ನಿಲ್ಲಿಸಿ ಪುಡಿ ಕೊಟ್ಟರು. ಅವಳು ಬೀದಿ, ಬಾವಿ ಎಲ್ಲ ಅಚ್ಚುಕಟ್ಟಾಗಿ ಬಿಡಿಸಿದಳು.

"ಬಾವಿ ಅದೆ ಸಾ. ಮೇಲ್ಗಡೆ ಬೀದಿಯೋರು ನಮ್ಮನ್ನ ಮುಟ್ಟಕ್ ಬುಡಕಿಲ್ಲ. ಅವ್ರು ಉಯ್ಯೋಗಂಟ ಕೊಡ ಇಟ್ಕಂಡು ಕಾಯ್ಬೇಕು."

ಊರ ಯಜಮಾನರು ಪಕ್ಕದಲ್ಲೇ ನಿಂತಿದ್ದರು. ನಾನು ಇಂಗ್ಲಿಷಿನಲ್ಲಿ, "ಬಾವಿ ಸ್ವಲ್ಪ ದೂರವಂತೆ," ಎಂದೆ. ಬಿಳಿಯ ಬರೆದುಕೊಂಡ.

"ನಲ್ಲಿ ಯಾವಾಗ ಬತ್ತದೆ ಸಾ?"

"ಬೇಗ ಬರುತ್ತೆ ಕಣಮ್ಮ," ಎಂದೆ, ಯಾರನ್ನೂ ಕೇಳದೆ.

ಮರುವರ್ಷ ಬೇರೆ ತಂಡ ಬಂತು, ಸಿದ್ದಮ್ಮನಿಂದ ಅದೇ ನಕಾಶೆ ಬರೆಸಿತು. ಅದರ ಮರುವರ್ಷ ಮತ್ತೆ ಮೊದಲಿನ ಇಬ್ಬರೇ. ಸಿದ್ದಮ್ಮ ಮೂರನೇ ಸಲವೂ ಬಿಡಿಸಿ, ಕೈ ಕೊಡವಿ ಎದ್ದಳು. "ಇವ್ರಿಗೆ ಕಣ್ ಕಾಣಕಿಲ್ವ ಸಾ? ನಿಮ್ಗೆ ನಾಲ್ಗೆ ಇಲ್ವ?"

ಅವತ್ತು ಆ ಇಬ್ಬರಿಗೂ ಎಲ್ಲವನ್ನೂ ಹೇಳಿದೆ. ಬಾವಿಯ ಸಂಗತಿ, ನನ್ನ ಸುಳ್ಳು, ಕೊನೆಗೆ ನನ್ನ ನಾಲಿಗೆಯ ವಿಷಯವನ್ನೂ. ಬಿಳಿಯ ಪೆನ್ನು ಮುಚ್ಚಿದ. ದೆಹಲಿಯವನು, "ಇದು ಸೂಕ್ಷ್ಮ ವಿಷಯ. ನಮ್ಮ ಒಪ್ಪಂದದೊಳಗೆ ಬರುವುದಿಲ್ಲ," ಎಂದ. ಆಮೇಲೆ ನನ್ನನ್ನು ಕರೆಯಲಿಲ್ಲ.

ವರದಿ ಮಾತ್ರ ಬಂತು. ಮಿರಿಮಿರಿ ಕಾಗದ, ಮುಖಪುಟದಲ್ಲಿ ಸಿದ್ದಮ್ಮನ ನಕಾಶೆ; ಅವಳ ಹೆಸರು ಎಲ್ಲೂ ಇಲ್ಲ. ಜನರ ಸಹಭಾಗಿತ್ವ ಅತ್ಯುತ್ತಮವಂತೆ. ಬಾವಿಯ 'ದೂರ'ದ ಬಗ್ಗೆ ಇನ್ನಷ್ಟು ಅಧ್ಯಯನ ಬೇಕಂತೆ, ಅದಕ್ಕೂ ತಾವೇ ಸಿದ್ಧರಂತೆ! ಆ ದೂರ ಎಂಬ ಮಾತು ನನ್ನದು.

ಮುಂದಿನ ಭಾನುವಾರ ಬಸ್ಸಿನಲ್ಲಿ ಹೋಗಿ, ಸಿದ್ದಮ್ಮನ ಜಗಲಿಯಲ್ಲಿ ಕೂತು, ಅವಳು ಹೇಳಿದ್ದನ್ನು ಹೇಳಿದಂತೆಯೇ ಕನ್ನಡದಲ್ಲಿ ಅರ್ಜಿ ಬರೆದೆ. ಕೇರಿಯ ಹೆಂಗಸರು ಹೆಬ್ಬೆಟ್ಟು ಒತ್ತಿದರು. ಸಿದ್ದಮ್ಮ ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಅಲೆದಳು. ಕೊನೆಗೊಬ್ಬ ಜೂನಿಯರ್ ಇಂಜಿನಿಯರ್ ಮೊಪೆಡ್ಡಿನಲ್ಲಿ ಬಂದು, ಕೇರಿ ಸುತ್ತಿ, ಚಪ್ಪಲಿಯಲ್ಲೇ ಗೆರೆ ಎಳೆದು, "ಇಲ್ಲಿ ಅಗೀರಿ," ಎಂದ. ಮಳೆಗಾಲಕ್ಕೆ ಮೊದಲೇ ನಲ್ಲಿ ಬಂತು. ಒಂದೇ ನಲ್ಲಿ, ದಿನ ಬಿಟ್ಟು ದಿನ ನೀರು. ಆದರೆ ಯಾರ ಎದುರೂ ಕಾಯಬೇಕಿರಲಿಲ್ಲ.

ಮೊನ್ನೆ ಪೇಟೆಯಿಂದ ಹಾಗೇ ಬಸ್ಸು ಹತ್ತಿ ಆ ಹಳ್ಳಿಗೆ ಹೋದೆ. ಸಿದ್ದಮ್ಮನಿಗೆ ಈಗ ನಡು ಬಗ್ಗಿದೆ. ಮನೆಗೆ ಬಂದಿದ್ದ ನೆಂಟರ ಹೆಂಗಸೊಬ್ಬಳು, "ಇವ್ರ್ಯಾರಕ್ಕ?" ಎಂದಳು.

ಸಿದ್ದಮ್ಮ ನನ್ನನ್ನೊಮ್ಮೆ ನೋಡಿ ನಕ್ಕಳು. "ಮೇಷ್ಟ್ರು. ಮದ್ಲು ಅವ್ರ ಕಡೆ ಇದ್ರು ಕಣವ್ವ. ಆಮೇಕೆ ಈ ಕಡೆ ಬಂದ್ರು."